ಗುಜರಿಯಿಂದ ತಂದ ಹೀಟ್ ಮೀಟರ್

ಲಾರಿ ಡ್ರೈವರುಗಳಿಗೆ ಇರುವಷ್ಟು ನಂಬಿಕೆಗಳು ಪುರೋಹಿತರಿಗೂ ಇರಲಿಕ್ಕಿಲ್ಲ. ಅಮಾವಾಸ್ಯೆಯ ದಿನ ಹೊಸ ಟಯರು ಹಾಕಬಾರದು. ಹೊರಟ ಗಾಡಿಯನ್ನು ಹಿಂದಿನಿಂದ ಕೂಗಬಾರದು. ಗುಜರಿಯಿಂದ ಸಾಮಾನು ತಂದರೆ, ಅದು ಯಾರ ಗಾಡಿಯದ್ದು, ಆ ಗಾಡಿಗೆ ಏನಾಯಿತು ಎಂದು ವಿಚಾರಿಸದೆ ನಮ್ಮ ಗಾಡಿಗೆ ಹಾಕಬಾರದು. ಸ್ವಂತ ಲಾರಿ ಇಟ್ಟುಕೊಂಡು ನಾನೇ ಓಡಿಸುತ್ತಿದ್ದ ಕಾಲದಲ್ಲಿ ಇವನ್ನೆಲ್ಲ ಕೇಳಿ ನಗುತ್ತಿದ್ದೆ. ಕಬ್ಬಿಣಕ್ಕೆ ನೆನಪಿರುತ್ತದೆಯೇ ಎಂದು ವಾದಕ್ಕೆ ನಿಲ್ಲುತ್ತಿದ್ದೆ. ಈಗಲೂ ನಾನು ದೆವ್ವ ಭೂತ ನಂಬುವವನಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದದ್ದೂ ಅದಕ್ಕೇ. ಓದಿದವರು ಇವನಿಗೆ ತಲೆ ಕೆಟ್ಟಿದೆ ಎಂದರೂ ಸರಿಯೇ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಿರಬೇಕು. ಮೆಣಸೆಯ ಹತ್ತಿರ ನಮ್ಮ ಮನೆ. ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ನಡುವೆ ಗೊಬ್ಬರ, ಇಟ್ಟಿಗೆ, ಕಾಫಿ ಮೂಟೆ, ಸಿಕ್ಕಿದ್ದನ್ನೆಲ್ಲ ಹೊರುತ್ತಿದ್ದ ಲಾರಿ ನನ್ನದು. ಹಳೆಯ ಗಾಡಿ. ಒಂದು ಬೇಸಿಗೆಯಲ್ಲಿ ಇಟ್ಟಿಗೆ ಹೇರಿಕೊಂಡು ಬರುವಾಗ ಏರಿನಲ್ಲಿ ಎಂಜಿನ್ ಕಾದು ಅದರ ಮೇಲ್ಭಾಗದ ಹೆಡ್ ಬಿರುಕು ಬಿಟ್ಟಿತ್ತು. ಡ್ಯಾಶ್ ಬೋರ್ಡಿನಲ್ಲಿದ್ದ ಹೀಟ್ ಮೀಟರ್ ಯಾವ ಕಾಲದಲ್ಲೋ ಸತ್ತಿದ್ದರಿಂದ, ಬಾನೆಟ್ಟಿನಿಂದ ಹಬೆ ಏಳುವವರೆಗೂ ನನಗೆ ತಿಳಿಯಲೇ ಇಲ್ಲ. ರಿಪೇರಿ ಮಾಡಿದ ಮೆಕ್ಯಾನಿಕ್ ಒಂದೇ ಮಾತು ಹೇಳಿದ್ದ: "ಇನ್ನೊಂದ್ ಸಲ ಕಾಯ್ಸಿದ್ರೆ ನನ್ನತ್ರ ತರ್ಬೇಡಿ ಮಾರಾಯ್ರೆ, ಸೀದಾ ಗುಜರಿಗೆ ಹೊಡೀರಿ." ನನಗೆ ಅನ್ನ ಕೊಡುತ್ತಿದ್ದದ್ದು ಆ ಎಂಜಿನ್. ಹೀಗಾಗಿ ಬೇರೆ ಹೀಟ್ ಮೀಟರ್ ಹಾಕಿಸಲೇಬೇಕು ಎಂದು ತೀರ್ಮಾನಿಸಿದೆ.

ನನಗೆ ಬೇಕಿದ್ದದ್ದು ವಯರಿನ ಹಂಗಿಲ್ಲದ ಹಳೆಯ ನಮೂನೆಯ ಮೀಟರ್. ಮುಂದೆ ಗಡಿಯಾರದಂಥ ದುಂಡನೆಯ ಮುಖ, ಅದರಲ್ಲೊಂದು ಮುಳ್ಳು. ಹಿಂದಿನಿಂದ ಹೊರಟ ಸಣ್ಣ ತಾಮ್ರದ ನಳಿಗೆ, ಅದರ ತುದಿಯಲ್ಲಿ ಹಿತ್ತಾಳೆಯ ಗುಂಡು. ಗುಂಡನ್ನು ಎಂಜಿನ್ನಿಗೆ ಕೂರಿಸಿದರೆ ಒಳಗಿನ ನೀರು ಕಾದಷ್ಟೂ ಮುಳ್ಳು ಮೇಲೇರುತ್ತದೆ. ಇದರಲ್ಲಿ ಮೋಸ ಹೋಗಲು ಜಾಗವೇ ಇಲ್ಲ. ಕೊಪ್ಪದ ಅಂಗಡಿಗಳಲ್ಲಿ ಅಂಥದ್ದು ಸಿಗಲಿಲ್ಲ. ಎನ್.ಆರ್.ಪುರದ ಒಂದು ಗುಜರಿಯಲ್ಲಿ, ಮುರಿದುಹಾಕಿದ ಲಾರಿಯೊಂದರ ಸಾಮಾನುಗಳ ರಾಶಿಯಲ್ಲಿ, ನಳಿಗೆಯ ಸಮೇತ ಅಖಂಡವಾಗಿ ಸಿಕ್ಕಿತು. ಯಾರ ಗಾಡಿಯದ್ದೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ.

ಹಾಕಿದವನು ಕೊಪ್ಪದ ಎಲೆಕ್ಟ್ರಿಷಿಯನ್ ರಾಘು. ಹಳೆಯ ಮೀಟರಿನ ತೂತಿನಲ್ಲಿ ಇದು ಕೂರಲಿಲ್ಲ. ಡ್ಯಾಶ್ ಬೋರ್ಡಿನಲ್ಲಿ ಹೊಸ ತೂತು ಕೊರೆಯಲು ಇದ್ದದ್ದು ಒಂದೇ ಜಾಗ, ಅಲ್ಲಿ ದೇವರ ಫೋಟೋ ಇತ್ತು. ಅದನ್ನು ಸರಿಸಲು ಅವನು ಒಪ್ಪಲಿಲ್ಲ. ಕೊನೆಗೆ ಒಂದು ತಗಡಿನ ಪಟ್ಟಿ ಬಗ್ಗಿಸಿ ಡ್ಯಾಶ್ ಬೋರ್ಡಿನ ಕೆಳಗೆ ನೇತುಹಾಕಿದೆವು. ಅಲ್ಲಿಗೆ ಮೀಟರಿನ ಮುಖ ನನ್ನ ಮೊಣಕಾಲಿನ ಮೇಲೆ ಬಂತು. ಕತ್ತು ಬಗ್ಗಿಸಿ ನೋಡಬೇಕು. ಆದರೂ ಕೂತಿತಲ್ಲ ಎಂದು ಸಮಾಧಾನ ಪಟ್ಟೆ.

ಸಮಾಧಾನ ಹರಿಹರಪುರದವರೆಗೂ ಬಾಳಲಿಲ್ಲ. ಖಾಲಿ ಗಾಡಿ, ಸಮತಟ್ಟು ರಸ್ತೆ, ಮುಳ್ಳು ನೋಡಿದರೆ ಕೆಂಪು ಗೆರೆಯ ಹತ್ತಿರ! ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಮೇಲೆ ಅಂಗೈ ಇಟ್ಟರೆ ಸುಡುವುದಿರಲಿ, ಸರಿಯಾಗಿ ಬಿಸಿ ಕೂಡ ಇಲ್ಲ. ಮರುದಿನ ಲೋಡು ಹೇರಿಕೊಂಡು ಏರು ಹತ್ತುವಾಗ ಎಂಜಿನ್ ನಿಜವಾಗಿ ಕಾದು ಕ್ಯಾಬಿನ್ನಿನಲ್ಲಿ ಕೂರಲಾಗುತ್ತಿರಲಿಲ್ಲ. ಮುಳ್ಳು ಮಾತ್ರ ತಳದಲ್ಲಿ ನಿದ್ದೆ ಹೊಡೆಯುತ್ತಿತ್ತು. ಹಾಳು ಮೀಟರ್ ಎಂದು ಬೈದುಕೊಂಡು ರಾಘುವಿನ ಬಳಿಗೆ ಹೋದೆ. ಅವನು ಅದನ್ನು ಬಿಚ್ಚಿ, ಪಕ್ಕದ ಹೋಟೆಲಿಗೆ ಹೋಗಿ, ಟೀ ನೀರು ಕುದಿಯುತ್ತಿದ್ದ ಪಾತ್ರೆಗೆ ಹಿತ್ತಾಳೆಯ ಗುಂಡನ್ನು ಇಳಿಬಿಟ್ಟ. ಹೋಟೆಲಿನವರು, "ಏಯ್ ರಾಘು! ಎಂತ ಕರ್ಮ ಅದು, ಡೀಸೆಲ್ ಟೀ ಕುಡಿಸ್ತ್ಯಾ ಜನಕ್ಕೆ?" ಎಂದು ಸೌಟು ಹಿಡಿದು ಓಡಿಬಂದರು. ಅಷ್ಟರಲ್ಲಿ ಮುಳ್ಳು ಸರಸರನೆ ಏರಿ, ಕುದಿಯುವ ನೀರಿಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಹೊರಗೆ ತೆಗೆದರೆ ಇಳಿಯಿತು. ಕೂದಲೆಳೆಯಷ್ಟೂ ತಪ್ಪಿಲ್ಲ.

"ಮೀಟರ್ ಸರಿ ಉಂಟು. ನಿಮ್ ಗಾಡೀದೇ ಎಂತದೋ ದೋಷ" ಎಂದ ರಾಘು. ಗಾಡಿಗೆ ಹಾಕಿದೆವು. ಮತ್ತೆ ಅದೇ ಆಟ. ತೆಗೆದೆವು, ಗುಂಡನ್ನು ಎಂಜಿನ್ನಿನ ಇನ್ನೊಂದು ಜಾಗದಲ್ಲಿ ಕೂರಿಸಿದೆವು. ಅಲ್ಲೂ ಅದೇ. ಇರುವ ಕೆಲಸ ಬಿಟ್ಟು ಒಂದು ಮುಳ್ಳಿನ ಹಿಂದೆ ಎಷ್ಟು ದಿನ ಅಲೆದೆನೋ! ಗ್ರಾಮದೇವತೆ ಚೌಡಿಗೆ ಹರಕೆ ಹೇಳಿಕೊಳ್ಳಿ ಎಂದು ಹೋಟೆಲಿನವರು ಸಲಹೆ ಕೊಟ್ಟರು. ನನ್ನ ಹೆಂಡತಿ ಸುಮಿತ್ರಾ ನನಗೆ ಹೇಳದೆ ಹಣ್ಣುಕಾಯಿ ಮಾಡಿಸಿಕೊಂಡೂ ಬಂದಳು. ಚೌಡಿಗೂ ಆ ಮೀಟರಿನ ಗೊಡವೆ ಬೇಡವಾಗಿತ್ತೆಂದು ಕಾಣುತ್ತದೆ, ಏನೂ ಬದಲಾಗಲಿಲ್ಲ. ಕೊನೆಗೆ ಶಿವಮೊಗ್ಗದಿಂದ ಹೊಸದೊಂದನ್ನು ತರಿಸಿ ಹಾಕಿಕೊಂಡೆ. ಅದು ಮೊದಲ ದಿನದಿಂದಲೇ ಮರ್ಯಾದೆಯಿಂದ ಕೆಲಸ ಮಾಡಿತು. ಹಳೆಯದನ್ನು ಎಸೆಯಲು ಮನಸ್ಸಾಗದೆ ಮನೆಯಲ್ಲಿ ಫೋನಿನ ಪಕ್ಕದ ಮೊಳೆಗೆ ನೇತುಹಾಕಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬ ಹಾಗೆ, ಒಂದು ಬೆಳಿಗ್ಗೆ ಸುಮಿತ್ರಾ ದೋಸೆಯ ಸಟ್ಟುಗ ಹಿಡಿದು ಬಂದು, "ಗೋಡೆ ಮೇಲಿನ ಮುಳ್ಳು ನಡೀತಾ ಉಂಟು, ನೋಡಿ" ಎಂದಳು. ನೋಡಿದೆ. ಮುಳ್ಳು ನಿಧಾನವಾಗಿ ಮೇಲೇರುತ್ತಿತ್ತು. ಹಿತ್ತಾಳೆಯ ಗುಂಡನ್ನು ಮುಟ್ಟಿದೆ. ತಣ್ಣಗಿತ್ತು. ಬಿಸಿಲು ಬೀಳುತ್ತಿದೆಯೇ ಎಂದು ನೋಡಿದೆ, ಅದೂ ಇಲ್ಲ. ಅಂದು ಕೆಲಸಕ್ಕೆ ಹೋಗದೆ ಅದರ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಬೆಳಿಗ್ಗೆ ಹದವಾಗಿ ಏರಿ ಮಟ್ಟಸವಾಗಿ ನಿಂತಿತು. ಮಧ್ಯಾಹ್ನ ಪೂರ್ತಿ ಇಳಿಯಿತು. ಮತ್ತೆ ಏರಿತು, ಈ ಸಲ ತುಂಬ ಮೇಲೆ, ಅಲ್ಲಿಯೇ ಬಹಳ ಹೊತ್ತು ತಿಣುಕಾಡಿತು. ಸಂಜೆಗೆ ಇಳಿಯಿತು. ಮರುದಿನವೂ ಹೀಗೇ. ಲಾರಿ ಓಡಿಸಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಯಾವುದೋ ಒಂದು ಗಾಡಿ ಬೆಳಿಗ್ಗೆ ಖಾಲಿ ಹೊರಟು, ಮಧ್ಯಾಹ್ನ ಎಲ್ಲೋ ಲೋಡು ತುಂಬಿಸಿಕೊಂಡು, ಸಂಜೆಯೊಳಗೆ ಒಂದು ದೊಡ್ಡ ಘಾಟಿ ಹತ್ತಿ ಬರುತ್ತಿತ್ತು. ಅದು ಯಾರ ಗಾಡಿ? ನನ್ನ ಮನೆಯ ಗೋಡೆಯ ಮೇಲೆ ಅದಕ್ಕೇನು ಕೆಲಸ?

ಭಯಕ್ಕಿಂತ ಹೆಚ್ಚಾಗಿ ನನಗೆ ಬಂದದ್ದು ಸಿಟ್ಟು. ಮೀಟರನ್ನು ಕೈಚೀಲಕ್ಕೆ ತುರುಕಿಕೊಂಡು ಎನ್.ಆರ್.ಪುರಕ್ಕೆ ಹೋಗಿ, ಗುಜರಿಯವನ ಮುಂದೆ ಇಟ್ಟು, ಇದು ಯಾರ ಗಾಡಿಯದ್ದು ಎಂದು ಕೇಳಿದೆ. ಮೊದಲೇ ಕೇಳಬೇಕಿತ್ತಲ್ಲವೇ ಎಂಬಂತೆ ನೋಡಿದ. ಹಿರೇಕೊಡಿಗೆಯ ಶೇಷಪ್ಪ ಎಂಬವರ ಲಾರಿಯದ್ದಂತೆ. ಕರಾವಳಿಯಿಂದ ಹೆಂಚು ತರುತ್ತಿದ್ದರಂತೆ. ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಗಾಡಿಯನ್ನು ತೂಕಕ್ಕೆ ಹಾಕಿದರಂತೆ. ಆ ಲಾರಿಯ ಒಂದೊಂದು ತುಂಡೂ ಒಂದೊಂದು ದಿಕ್ಕಿಗೆ ಹೋಗಿ ಯಾವ ಕಾಲವಾಯಿತೋ.

ಸರಿ, ಹಿರೇಕೊಡಿಗೆಗೆ ಹೋದೆ. ಶೇಷಪ್ಪನವರು ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಐವತ್ತೈದರ ಆಚೀಚೆ, ಗಟ್ಟಿ ಆಳು, ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಮಾತು ತೊದಲುತ್ತಿದ್ದರೂ ತಿಳಿಯುತ್ತಿತ್ತು. ಮೀಟರ್ ತೆಗೆದು ತೋರಿಸಿದ್ದೇ ತಡ, ಮುಖ ಸಿಂಡರಿಸಿದರು.

"ಆ ದರಿದ್ರವ? ಅದನ್ನ ಯಾವತ್ತೂ ನಂಬ್ಲಿಲ್ಲ ನಾನು. ನನ್ ಮನೆಗೆ ಬ್ಯಾಡ, ತಗಂಡ್ ಹೋಗು ಮಾರಾಯ."

ಇಷ್ಟು ಹೇಳಿ ಅವರು ರಸ್ತೆಯ ಕಡೆಗೆ ತಿರುಗಿದರು. ಎಡಗೈ ಮಂಚದ ಪಕ್ಕ ಗಾಳಿಯಲ್ಲಿ ಏನನ್ನೋ ಹಿಡಿದು ಹಿಂದಕ್ಕೆಳೆಯಿತು. ಎಡಗಾಲು ಕಂಬಳಿಯೊಳಗೆ ಒತ್ತಿ ಬಿಟ್ಟಿತು. ಗೇರು ಇಳಿಸಿದ್ದು! ಅವರ ಹೆಂಡತಿ ಲಲಿತಕ್ಕ ಕಾಫಿ ತಂದುಕೊಟ್ಟು ನನ್ನ ಹತ್ತಿರ ಸಣ್ಣ ದನಿಯಲ್ಲಿ ಹೇಳಿದರು: "ದಿನಾ ಇದೇ ಮಾರಾಯ್ರೆ. ಬೆಳಗಾದ್ರೆ ಹೊರಟ್ರು. ಊಟಕ್ ಕರೆದ್ರೆ ಲೋಡ್ ಉಂಟು ಅಂತಾರೆ. ಸರಿಯಾಗಿ ಒಂದ್ ತುತ್ತಿಲ್ಲ, ನಿದ್ದೆ ಇಲ್ಲ. ಹಿಂಗೇ ಆದ್ರೆ ಹೆಚ್ಚು ದಿನ ಇಲ್ಲ ಅಂದಿದಾರೆ ಡಾಕ್ಟ್ರು. ನಿಲ್ಸಿ ಅಂದ್ರೆ ನಿಲ್ಸೋದಿಲ್ಲ."

ನನ್ನ ಕಣ್ಣು ತೊಡೆಯ ಮೇಲಿದ್ದ ಮೀಟರಿನ ಮೇಲಿತ್ತು. ಶೇಷಪ್ಪನವರ ಕೈ ಇನ್ನೊಂದು ಗೇರು ಇಳಿಸಿತು. "ಕೆರೆಕಟ್ಟೆ ಏರು" ಎಂದು ಕರಾವಳಿ ದಾರಿಯ ಘಾಟಿಯ ಹೆಸರು ಗೊಣಗಿದರು. ಮುಳ್ಳು ಮೇಲೇರತೊಡಗಿತು. ಗೇರು ಏರಿಸಿದರು, ಉಸಿರು ಬಿಟ್ಟರು. ಮುಳ್ಳು ಇಳಿಯಿತು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಲಲಿತಕ್ಕನಿಗೆ ತೋರಿಸಲೇ ಎಂದುಕೊಂಡೆ. ಅವರ ದಣಿದ ಮುಖ ನೋಡಿ ಮೀಟರನ್ನು ಅಂಗೈಯಿಂದ ಮುಚ್ಚಿಕೊಂಡೆ. ಆ ಮನೆಯಲ್ಲಿ ಇದ್ದ ಹುಚ್ಚೇ ಸಾಕಿತ್ತು, ನನ್ನದನ್ನೂ ಸೇರಿಸುವುದು ಬೇಡವೆನಿಸಿತು.

"ನೀವೂ ಗಾಡಿ ಹೊಡೆಯೋರು. ನಿಮ್ ಮಾತಾದ್ರೂ ಕೇಳ್ತಾರೇನೋ, ಒಂದ್ ಸಲ ಹೇಳಿ ನೋಡಿ" ಎಂದರು ಅವರು. ಹೇಳಿದೆ. ಶೇಷಪ್ಪಣ್ಣ, ಸ್ವಲ್ಪ ನಿಲ್ಲಿಸಿ, ಊಟ ಮಾಡಿ ಹೋಗಿ ಎಂದೆ. ಅವರು ಕತ್ತು ತಿರುಗಿಸದೆ, "ಏರಲ್ಲಿ ಲೋಡ್ ಗಾಡಿ ನಿಲ್ಸ್ತಾರೆನ? ಯಾರು ನಿಂಗೆ ಲೈಸೆನ್ಸ್ ಕೊಟ್ಟದ್ದು?" ಎಂದರು. ಅವರ ಮನೆಯ ಫೋನ್ ನಂಬರ್ ತೆಗೆದುಕೊಂಡು, ನನ್ನದನ್ನು ಕೊಟ್ಟು, ಮೀಟರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಯಾರಿಗೂ ಬೇಡವಾದ ಆ ವಸ್ತುವನ್ನು ದಾರಿಯಲ್ಲಿ ತುಂಗಾ ಹೊಳೆಗೆ ಎಸೆಯಬಹುದಿತ್ತು. ಕೈ ಬರಲಿಲ್ಲ. ಅದರಲ್ಲಿ ಒಬ್ಬ ಮನುಷ್ಯ ಓಡುತ್ತಿದ್ದಾನೆಂದು ತಿಳಿದ ಮೇಲೆ ಎಸೆಯುವುದು ಹೇಗೆ?

ಅಲ್ಲಿಂದ ನಮ್ಮ ಮನೆಯ ನೆಮ್ಮದಿ ಹಾಳಾಯಿತು. ಹೊರಗಿನಿಂದ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. "ಶೇಷಪ್ಪನವರು ಇವತ್ತು ತಡವಾಗಿ ಹೊರಟ್ರು" ಎಂದು ಸುಮಿತ್ರಾ ವರದಿ ಒಪ್ಪಿಸುತ್ತಿದ್ದಳು. ನಾನು ರೇಗುತ್ತಿದ್ದೆ, ಆದರೆ ನೋಡದೆ ಇರುತ್ತಿರಲಿಲ್ಲ. ಮಧ್ಯಾಹ್ನದ ಇಳಿತ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಅಂದರೆ ಅವರು ಗಾಡಿಗೆ ವಿಶ್ರಾಂತಿ ಕೊಡುತ್ತಿರಲಿಲ್ಲ. ಸಂಜೆ ಕಳೆದರೂ ಮುಳ್ಳು ಪೂರ್ತಿ ತಳ ಮುಟ್ಟುತ್ತಿರಲಿಲ್ಲ.

ಆ ದಿನ ನಾನು ಅಡ್ಡಗದ್ದೆ ಊರಿನಲ್ಲಿ ಗೊಬ್ಬರ ಇಳಿಸಿ ಮಧ್ಯಾಹ್ನ ಊಟಕ್ಕೆ ಬಂದಿದ್ದೆ. ಸುಮಿತ್ರಾ ಬಾಗಿಲಲ್ಲೇ ನಿಂತಿದ್ದಳು. "ಬೇಗ ಬನ್ನಿ, ಕೆಂಪು ದಾಟ್ತಾ ಉಂಟು" ಎಂದಳು. ಮುಳ್ಳು ಕೆಂಪು ಗೆರೆಯ ಮೇಲೆ ನಡುಗುತ್ತಿತ್ತು. ನೋಡುತ್ತಿದ್ದ ಹಾಗೆ ಅದನ್ನೂ ದಾಟಿ, ಆಚೆಗೆ ಅಂಕೆಗಳೇ ಇಲ್ಲದ ಜಾಗಕ್ಕೆ ಹೋಯಿತು. ಅಲ್ಲಿಗೆ ಹೋದ ಎಂಜಿನ್ ಏನಾಗುತ್ತದೆಂದು ಒಂದು ಸಲ ಹೆಡ್ ಸುಟ್ಟುಕೊಂಡ ನನಗೆ ಚೆನ್ನಾಗಿ ಗೊತ್ತು. "ನಿಲ್ಸೋ ಮಾರಾಯಾ, ನಿಲ್ಸು!" ಎಂದು ಗೋಡೆಗೆ ಕೂಗಿದೆ. ಆ ಕ್ಷಣದಲ್ಲಿ ಅದು ಹಾಸ್ಯವಾಗಿ ಕಾಣಲಿಲ್ಲ. ಬ್ರೇಕು ಒತ್ತುವ ಕಾಲು ಬಲಗಾಲು, ಅವರ ಬಲಗಾಲು ಸತ್ತಿದೆ, ಅವರು ನಿಲ್ಲಿಸುವುದಾದರೂ ಹೇಗೆ ಎಂಬ ಯೋಚನೆ ಅದೇ ಹೊತ್ತಿಗೆ ತಲೆಗೆ ಬಂತು.

ಫೋನ್ ಎತ್ತಿ ಅವರ ಮನೆಗೆ ಮಾಡಿದೆ. ಲಲಿತಕ್ಕ ಎತ್ತಿಕೊಂಡರು. "ಮೈಯೆಲ್ಲ ಕೆಂಡ ಆಗಿದೆ. ಏದುಸಿರು ಬಿಡ್ತಿದಾರೆ. ಆದ್ರೂ ಕೈ ನಿಲ್ತಾ ಇಲ್ಲ" ಎಂದರು. ಪೀಠಿಕೆ ಹಾಕಲು ಸಮಯವಿರಲಿಲ್ಲ. "ಅವರ ಕಿವಿಯಲ್ಲಿ ಹೇಳಿ, ಮುಳ್ಳು ಕೆಂಪು ದಾಟಿದೆಯಂತೆ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಕಂತೆ, ಮೆಣಸೆಯವನು ಮೀಟರ್ ನೋಡಿ ಹೇಳ್ತಾ ಇದ್ದಾನಂತೆ ಎಂದು ಹೇಳಿ" ಎಂದೆ. ಬೇರೆ ಯಾರಾಗಿದ್ದರೂ ಫೋನ್ ಕುಕ್ಕುತ್ತಿದ್ದರು. ಆಕೆ ರಿಸೀವರನ್ನು ಕೆಳಗಿಟ್ಟು ಹೋದರು. ಅವರು ಹೇಳುವುದು ನನಗೆ ದೂರದಿಂದ ಕೇಳಿಸಿತು. ಆಮೇಲೆ ಶೇಷಪ್ಪನವರ ತೊದಲು ಮಾತು ಕೇಳಿಸಿತು: "ಎಷ್ಟ್ ತೋರಿಸ್ತದಂತೆ?"

"ಕೆಂಪು ದಾಟಿದೆ ಅಂತೆ ಕಣ್ರೀ."

ನಾನು ರಿಸೀವರನ್ನು ಕಿವಿಗೊತ್ತಿಕೊಂಡು ಗೋಡೆಯನ್ನೇ ನೋಡುತ್ತಿದ್ದೆ. ಮುಳ್ಳು ಒಂದು ಸಲ ಜೋರಾಗಿ ಅದುರಿತು. ನಿಂತಿತು. ಆಮೇಲೆ ನಿಧಾನವಾಗಿ, ಎಷ್ಟೋ ಹೊತ್ತು ತೆಗೆದುಕೊಂಡು, ಕೆಳಗಿಳಿಯಿತು. ಲಲಿತಕ್ಕ ಮತ್ತೆ ಫೋನಿಗೆ ಬಂದರು. ಅಳುತ್ತಿದ್ದರು. "ಕೈಯಲ್ಲಿ ಎಂತದೋ ಜಗ್ಗಿದ್ರು. ಈಗ ಸುಮ್ನೆ ಮಲಗಿದಾರೆ. ನಿದ್ದೆ ಬಂದದೆ, ನಿಜವಾದ ನಿದ್ದೆ" ಎಂದರು. ಸುಮಿತ್ರಾ ನನ್ನ ಕೈಯಿಂದ ರಿಸೀವರ್ ತೆಗೆದು ಇಟ್ಟಳು. ಅಂದು ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಒಂದು ವಾರ ಬಿಟ್ಟು ಹಿರೇಕೊಡಿಗೆಗೆ ಹೋದೆ. ಅಷ್ಟು ದಿನವೂ ಮುಳ್ಳು ತಳ ಬಿಟ್ಟು ಏಳಲಿಲ್ಲ. ಲಲಿತಕ್ಕನ ಮುಖ ಬೇರೆಯೇ ಆಗಿತ್ತು. ಜ್ವರ ಬಿಟ್ಟಿದೆ, ಹೊತ್ತುಹೊತ್ತಿಗೆ ಉಣ್ಣುತ್ತಾರೆ, ರಾತ್ರಿ ಮಲಗುತ್ತಾರೆ ಎಂದು ಹೇಳಿ ನನಗೆ ಕೈಮುಗಿದರು. ನಾನು ಸಂಕೋಚದಿಂದ ಜಗಲಿಗೆ ಬಂದೆ. ಶೇಷಪ್ಪನವರು ಮೊದಲಿನ ಹಾಗೇ ದಿಂಬಿಗೆ ಒರಗಿದ್ದರು. ಕೈ ಮಡಿಲಲ್ಲಿತ್ತು, ಅಲುಗಾಡುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಹುಬ್ಬು ಗಂಟಿಕ್ಕಿದರು.

"ನಡು ಏರಲ್ಲಿ ನಿಲ್ಸಿ ಎಲ್ಲಿಗ್ ಹೋಗಿದ್ದೆ ಮಾರಾಯ? ಲೋಡ್ ಹಂಗೇ ಉಂಟು. ಈಗ ಎಷ್ಟ್ ತೋರಿಸ್ತದೆ? ತಣ್ಣಗಾಯ್ತಾ? ಹೊರಡ್ಲಾ?"

ಬಾಯಿಗೆ ಬಂದ ಉತ್ತರ, ಹೌದು, ತಣ್ಣಗಾಗಿದೆ ಎಂಬುದೇ. ಅದೇ ಸತ್ಯವೂ ಆಗಿತ್ತು. ಅಷ್ಟರಲ್ಲಿ ಬಾಗಿಲ ಹಿಂದೆ ನಿಂತಿದ್ದ ಲಲಿತಕ್ಕನನ್ನು ನೋಡಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು, ಬೇಡ, ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದರು.

"ಇನ್ನೂ ಇಳಿದಿಲ್ಲ ಶೇಷಪ್ಪಣ್ಣ. ಈಗಲೇ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಸ್ವಲ್ಪ ಹೊತ್ತು ಬಿಡಿ" ಎಂದೆ.

ಅವರು ನನ್ನ ಮುಖವನ್ನು ನೋಡಿದರು. "ಆಗ್ಲಿ" ಎಂದು ರಸ್ತೆಯ ಕಡೆಗೆ ತಿರುಗಿಕೊಂಡರು.

ಅವರು ಆಮೇಲೆ ಎರಡು ಮಳೆಗಾಲ ಬದುಕಿದ್ದರು. ಆ ಕಡೆ ಲೋಡು ಸಿಕ್ಕಿದಾಗಲೆಲ್ಲ ಹೋಗಿ ಬರುತ್ತಿದ್ದೆ. ಗೋಡೆಯ ಮೇಲಿನ ಮುಳ್ಳು ಮತ್ತೆ ಏಳಲೇ ಇಲ್ಲ. ಬಿಸಿನೀರಿಗೆ ಹಾಕಿದರೂ ಏಳಲಿಲ್ಲ, ರಾಘು ಬಿಚ್ಚಿ ನೋಡಿ ಕೈಚೆಲ್ಲಿದ. ಒಬ್ಬ ಮನುಷ್ಯನ ಮನಸ್ಸು ಓಡಿದ್ದು ತಾಮ್ರದ ನಳಿಗೆಗೆ ಹೇಗೆ ತಿಳಿಯಿತು? ನನಗೆ ಗೊತ್ತಿಲ್ಲ. ಓದಿಕೊಂಡವರನ್ನೂ ಕೇಳಿದ್ದೇನೆ, ಅವರಿಗೂ ಗೊತ್ತಿಲ್ಲ. ಅದಕ್ಕಿಂತ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ನಾನು ಹೋದಾಗಲೆಲ್ಲ ಶೇಷಪ್ಪನವರು ಅದೇ ಪ್ರಶ್ನೆ ಕೇಳುತ್ತಿದ್ದರು. ನಾನು ಅದೇ ಸುಳ್ಳು ಹೇಳುತ್ತಿದ್ದೆ. ಜೀವಮಾನವೆಲ್ಲ ಲಾರಿ ಓಡಿಸಿದ ಮನುಷ್ಯ, ಯಾವ ಎಂಜಿನ್ನೂ ತಣ್ಣಗಾಗಲು ಅಷ್ಟು ಕಾಲ ತೆಗೆದುಕೊಳ್ಳುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ? ಆದರೂ ಪ್ರತಿ ಸಲವೂ ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಲಲಿತಕ್ಕ ನಿಂತಿರುತ್ತಿದ್ದ ಬಾಗಿಲ ಕಡೆಗೆ ನೋಡಿ, "ಆಗ್ಲಿ" ಎನ್ನುತ್ತಿದ್ದರು.